ಲಿಥುವೇನಿಯಾದಿಂದ ಬಂದ ಕವರು

ಭುವನಾ ಮೊಹರು ಎತ್ತಿ ಕವರಿನ ಬೆನ್ನಿಗೆ ಕುಟ್ಟಿದಳು. ಎಂದಿನ ‘ಟಪ್’ ಬರಲಿಲ್ಲ. ಹುರಿಗಡಲೆ ಹಲ್ಲಿಗೆ ಸಿಕ್ಕ ಹಾಗೆ ‘ಕರಕ್’ ಎಂದಿತು. ಏನಾಯಿತೆಂದು ಎತ್ತಿ ನೋಡುವಷ್ಟರಲ್ಲಿ ಕವರಿನ ಹರಿದ ಮೂಲೆಯಿಂದ ತೆಳು ಹಳದಿ ಪುಡಿ ಸುರಿದು ಅವಳ ಬೆರಳಿಗೆ, ಮೇಜಿಗೆ ಮೆತ್ತಿಕೊಂಡಿತು. ಫ್ಯಾನಿನ ಗಾಳಿಗೆ ಒಂದಿಷ್ಟು ಮೇಲೆದ್ದು ಮೂಗಿಗೂ ಹೋಯಿತು.

ಬ್ಯಾಡಗಿಯ ಓಣಿಯೊಂದರ ಆ ಸಣ್ಣ ಅಂಚೆ ಕಚೇರಿಗೆ ಹೊರದೇಶದ ಕವರು ಬರುವುದೇ ವರ್ಷಕ್ಕೆ ನಾಲ್ಕೋ ಐದೋ. ಎಲ್ಲವೂ ಹಾಲಸಿದ್ದಪ್ಪ ಮಾಸ್ತರರಿಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು. ಅದೂ ಒಂದೇ ವಿಷಯದ್ದು: ಅಂಬರ್. ಕೋಟ್ಯಂತರ ವರ್ಷಗಳ ಹಿಂದೆ ಗಿಡದಿಂದ ಸೋರಿದ ಅಂಟು ಮಣ್ಣಿನಡಿ ಕಲ್ಲಾಗಿ ಉಳಿದದ್ದು ಎಂದು ಅವರು ಕೌಂಟರಿನಲ್ಲಿ ನಿಂತು ಎಷ್ಟೋ ಸಲ ವಿವರಿಸಿದ್ದರು. ಈ ಕವರಿನ ಮೇಲೂ ಅಂಥವೇ ಮೂರು ಚೀಟಿಗಳಿದ್ದವು. ಒಂದರಲ್ಲಿ ಪೈನ್ ಮರಗಳ ಕಾಡು, ಒಂದರಲ್ಲಿ ಬಿರುಗಾಳಿಯ ಕಡಲದಂಡೆ, ಇನ್ನೊಂದರಲ್ಲಿ ಜೇನುಬಣ್ಣದ ಕಲ್ಲಿನೊಳಗೆ ಕಾಲು ಮಡಚಿಕೊಂಡ ಕರಿ ಇರುವೆ.

ಆದರೆ ಆ ಗಳಿಗೆಯಲ್ಲಿ ಭುವನಾಳಿಗೆ ಇದಾವುದೂ ನೆನಪಾಗಲಿಲ್ಲ. ನೆನಪಾದದ್ದು ನಾಲ್ಕು ದಿನದಿಂದ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ತಿರುಗುತ್ತಿದ್ದ ಸುದ್ದಿ. ಹೊರದೇಶದ ಕವರುಗಳಲ್ಲಿ ವಿಷದ ಪುಡಿ ಬರುತ್ತಿದೆಯಂತೆ, ಒಂದು ಉಸಿರು ಒಳಗೆ ಹೋದರೆ ಎರಡು ದಿನದಲ್ಲಿ ಮನುಷ್ಯ ಹೋದಂತೆಯೇ ಅಂತೆ. ಖರೆಯೋ ಸುಳ್ಳೋ ಯಾರೂ ಕೇಳಿರಲಿಲ್ಲ.

“ಸರ್,” ಎಂದಳು. ಮತ್ತೊಮ್ಮೆ, “ಸರ್, ಇಲ್ಲಿ ಬರ್ರಿ.”

ಪೋಸ್ಟ್‌ಮಾಸ್ಟರ್ ಪರಮೇಶಪ್ಪ ಕನ್ನಡಕ ಸರಿಪಡಿಸಿಕೊಳ್ಳುತ್ತ ಬಂದವರು ಮೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು.

“ಏನದು? ಮುಟ್ಟಬ್ಯಾಡ್ರಿ! ಹಂಗ ನಿಂದ್ರಿ!”

“ಮುಟ್ಟೇನ್ರಿ ಸರ್. ಮೂಗಿನಾಗೂ ಹೋಗೇತಿ.”

ಪರಮೇಶಪ್ಪ ಕೆಟ್ಟವರಲ್ಲ. ಅವಳು ಬಸುರಿ ಎಂದು ಗೊತ್ತಾದ ಮೇಲೆ ಚೀಲ ಎತ್ತುವ ಕೆಲಸವನ್ನೆಲ್ಲ ತಾವೇ ಮಾಡುತ್ತಿದ್ದರು. ಆದರೆ ಹೆದರಿಕೆ ಅವರನ್ನು ಬೇರೆ ಮನುಷ್ಯನನ್ನಾಗಿ ಮಾಡಿತು. ಫ್ಯಾನು ಆರಿಸಿದರು, ಕೌಂಟರಿನ ಮುಂದಿದ್ದ ಇಬ್ಬರನ್ನು ದೂರ ಅಟ್ಟಿದರು, ತಾವೂ ಹೊರಗೆ ಹೋಗಿ ಜಾಳಿಗೆಯ ಬಾಗಿಲು ಎಳೆದು ಬೀಗ ಹಾಕಿದರು.

“ಸರ್, ನಾ ಒಳಗದೇನಿ!”

“ಗೊತ್ತೈತ್ರಿ. ಹಾವೇರಿಗೆ ಫೋನ್ ಹಚ್ಚಾಕತ್ತೇನಿ. ಅಲ್ಲೇ ನಿಂದ್ರಿ, ಏನೂ ಆಗೂದಿಲ್ಲ.” ಹಾಗೆ ಹೇಳುವಾಗ ಅವರ ಬಾಯಿಗೆ ಕರವಸ್ತ್ರ ಅಡ್ಡ ಇತ್ತು.

ಹಾವೇರಿಯಿಂದ ಉತ್ತರ ಬಂತು: ಆರೋಗ್ಯ ಇಲಾಖೆಯವರು ಬರುತ್ತಾರೆ, ಅಲ್ಲಿಯತನಕ ಯಾರೂ ಹೊರಗೆ ಬರಬಾರದು, ಯಾರೂ ಒಳಗೆ ಹೋಗಬಾರದು. ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ ತಾಸಾಗಬಹುದು, ಎರಡಾಗಬಹುದು ಎಂದರಂತೆ.

ಭುವನಾ ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡು ನಿಂತಳು. ಗಂಟಲು ಕೆರೆಯತೊಡಗಿತು. ಬೀದಿಯಲ್ಲಿ ಮೆಣಸಿನಕಾಯಿ ಚೀಲದ ಲಾರಿ ಹಾದರೆ ದಿನವೂ ಹೀಗೆಯೇ ಕೆರೆಯುತ್ತಿತ್ತು. ಇವತ್ತು ಲಾರಿ ಹಾದಿತ್ತೇ? ಹಾದಿರಲಿಲ್ಲವೇ? ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ನಾಲಗೆ ದಪ್ಪಗಾದಂತೆ ಅನ್ನಿಸಿತು. ಕಣ್ಣು ಉರಿದಂತೆ ಅನ್ನಿಸಿತು. ಉಸಿರು ಹಿಡಿದು ನೋಡಿದಳು. ಬಿಟ್ಟಾಗ ಮೊದಲಿಗಿಂತ ದೊಡ್ಡ ಉಸಿರು ತಾನಾಗಿಯೇ ಒಳಗೆ ಹೋಯಿತು.

ಐದು ತಿಂಗಳು ತುಂಬಿತ್ತು. ಇದಕ್ಕೂ ಮೊದಲು ಎರಡು ಸಲ ಮೂರನೆಯ ತಿಂಗಳಿಗೇ ಗರ್ಭ ಇಳಿದಿತ್ತು. ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ಅತ್ತೆ ಸುಶೀಲವ್ವ ದಿನಾ ಬೆಳಗ್ಗೆ ಹೇಳುತ್ತಿದ್ದಳು. ಹೋದ ವಾರದಿಂದ ಕೂಸು ಒಳಗೆ ಮಿಸುಕುವುದು ಗೊತ್ತಾಗುತ್ತಿತ್ತು. ಈಗ ಮಿಸುಕುತ್ತಿಲ್ಲ. ಬೆಳಗ್ಗೆ ಮಿಸುಕಿತ್ತೇ? ಕೈಯಿಟ್ಟು ನೋಡೋಣವೆಂದು ಹೊಟ್ಟೆಯ ಹತ್ತಿರ ತಂದ ಕೈಯನ್ನು ಬೆಂಕಿ ತಗುಲಿದವಳಂತೆ ಹಿಂದಕ್ಕೆ ಎಳೆದುಕೊಂಡಳು. ಬೆರಳ ತುಂಬ ಹಳದಿ ಪುಡಿ.

ಮೇಜಿನ ಮೇಲೆ ಮೊಬೈಲು ಬಡಿದುಕೊಳ್ಳತೊಡಗಿತು. ಗಂಡ ಸಿದ್ದಲಿಂಗೇಶ. ಪರಮೇಶಪ್ಪನವರೇ ಸುದ್ದಿ ಮುಟ್ಟಿಸಿರಬೇಕು. ಆ ಕೈಯಿಂದ ಫೋನು ಎತ್ತಿ ಕಿವಿಗೆ ಹಚ್ಚಲು ಅವಳಿಗೆ ಧೈರ್ಯವಾಗಲಿಲ್ಲ. ಅದು ಬಡಿದು ಬಡಿದು ಸುಮ್ಮನಾಯಿತು. ಮತ್ತೆ ಶುರುವಾಯಿತು. ಅವಳು ನಿಂತಲ್ಲೇ ಅತ್ತಳು; ಕಣ್ಣೊರೆಸಿಕೊಳ್ಳುವುದಕ್ಕೂ ಬರುವಂತಿರಲಿಲ್ಲ.

ಅಷ್ಟರಲ್ಲಿ ಹೊರಗೆ ಹಾಲಸಿದ್ದಪ್ಪ ಮಾಸ್ತರರ ದನಿ ಕೇಳಿಸಿತು. “ನಂದೊಂದು ಕವರ್ ಬರೂದಿತ್ತಲ್ರಿ, ಬಂತೇನು?”

“ಬಂದೈತ್ರಿ, ಬಂದೈತಿ! ಮಂದಿ ಜೀಂವಾ ತಗೊಳ್ಳಾಕ ಬಂದೈತಿ ನಿಮ್ಮ ಕವರ್!” ಪರಮೇಶಪ್ಪ ಕೂಗಾಡಿದರು.

ಮಾಸ್ತರರು ಅವರ ಮಾತು ಮುಗಿಯುವತನಕ ನಿಲ್ಲದೆ ಹೊರಗಿನ ಕಟ್ಟೆಗೆ ತೆರೆದಿದ್ದ ಕೌಂಟರಿನ ಕಿಂಡಿಗೆ ಬಂದು ಒಳಗೆ ಇಣುಕಿದರು. ಮೇಜಿನ ಮೇಲಿನ ಪುಡಿ ನೋಡಿದರು. “ಅಯ್ಯೋ, ಒಡದ್ರೇನು?” ಎಂದವರು ಭುವನಾಳ ಮುಖ ಕಂಡದ್ದೇ ನಾಲಗೆ ಕಚ್ಚಿಕೊಂಡರು.

“ತಂಗಿ, ಹೆದರಬ್ಯಾಡವಾ. ಅದು ಅಂಬರ್. ಲಿಥುವೇನಿಯಾದಾಗ ನನ್ನ ಗೆಳೆಯ ಒಬ್ಬ ಅದಾನ, ಒಳಗ ಇರುವಿ ಇರೂ ಅಂಬರ್ ಹಳ್ಳು ಕಳಸ್ತೇನಿ ಅಂದಿದ್ದ. ಕಳಿಸಿದವರ ಹೆಸರು ಓದಿ ಹೇಳು.”

ಅವಳು ಬಾಗಿ, ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ರೂ... ತಾ. ರೂತಾ ಅಂತ ಐತ್ರಿ.”

ಮಾಸ್ತರರ ಕಣ್ಣು ಕವರಿನ ಮೇಲಿನ ಬರಹದ ಮೇಲೆ ನಿಂತುಬಿಟ್ಟಿತು. ಏನೋ ಸರಿಯಿಲ್ಲ ಎಂದು ಅವಳಿಗೆ ಅನ್ನಿಸಿತು.

“ಏನ್ರಿ ಮಾಸ್ತರ?”

“ಏನಿಲ್ಲ. ಅವನದ ಅದು.” ಅವರು ಒಳಗೆ ಕೈ ತೋರಿಸಿದರು. “ಚೀಲಕ್ಕ ಅರಗು ಹಚ್ಚೂ ಮೇಣದಬತ್ತಿ ಐತಲ್ಲ? ಅದು, ಕಡ್ಡಿಪೆಟ್ಟಿಗಿ, ಚೀಲಾ ಹೊಲಿಯೂ ಸೂಜಿ, ಆ ಕವರು, ಎಲ್ಲಾ ಈ ಕಿಂಡಿಯಿಂದ ಕೊಡು. ಕಾಸಿದ ಸೂಜಿ ಚುಚ್ಚಿದರ ಅಂಬರ್ ಗಿಡದ ಅಂಟಿನ ವಾಸನಿ ಬಿಡತೈತಿ. ಬ್ಯಾರೆ ಯಾವುದೂ ಆ ವಾಸನಿ ಬಿಡೂದಿಲ್ಲ. ನೋಡೇಬಿಡೂಣು.”

“ಹುಚ್ಚ ಹಿಡದೈತೇನ್ರಿ ನಿಮಗ?” ಪರಮೇಶಪ್ಪ ದೂರದಿಂದಲೇ ಅರಚಿದರು. “ಬೆಂಕಿ ತೋರಸ್ತೀರಿ? ಮೂಸ್ತೀರಿ? ಭುವನಾ ಅವರ, ಏನೂ ಕೊಡಬ್ಯಾಡ್ರಿ!”

ಭುವನಾ ಮಾಸ್ತರರನ್ನು ನೋಡಿದಳು. ವಿಷವೇ ಆಗಿದ್ದರೆ ತನ್ನ ಕೈಯಾರೆ ಇವರಿಗೂ ಕೊಟ್ಟಂತೆ. ಕೊಡದಿದ್ದರೆ ಇನ್ನೆರಡು ತಾಸು ಈ ಕೋಣೆಯಲ್ಲಿ ಹೀಗೇ ನಿಲ್ಲಬೇಕು. “ನಿಮಗೇನರ ಆದರ?” ಎಂದಳು.

“ಎಪ್ಪತ್ತೊಂದು ಆಗ್ಯಾವು ನನಗ. ಕೊಡವಾ.”

ಕೊಟ್ಟಳು. ಅವಳ ಬೆರಳು ಅವರ ಬೆರಳಿಗೆ ತಗುಲಿದಾಗ ಪುಡಿ ಅವರ ಕೈಗೂ ಮೆತ್ತಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತು ಬತ್ತಿ ಹಚ್ಚಿದರು. ಗಾಳಿಗೆ ಎರಡು ಸಲ ಆರಿತು. ಸೂಜಿಯ ತುದಿ ಕೆಂಪಾದ ಮೇಲೆ ಕವರಿನೊಳಗೆ ಎರಡು ಬೆರಳು ಹಾಕಿ ಹುಣಸೆ ಬೀಜದಷ್ಟು ದೊಡ್ಡ ಚೂರೊಂದನ್ನು ತೆಗೆದು ಅದಕ್ಕೆ ಚುಚ್ಚಿದರು. ಬಿಳಿ ಹೊಗೆಯ ಎಳೆ ಎದ್ದಿತು. ಕಣ್ಣು ಮುಚ್ಚಿ, ಮೂಗು ಹತ್ತಿರ ಒಯ್ದು, ಉದ್ದಕ್ಕೆ ಎಳೆದುಕೊಂಡರು.

ಭುವನಾ ಆ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತೆರೆಯಲು ಅವರು ತಡಮಾಡಿದರು. ಅಷ್ಟರಲ್ಲಿ ಅವಳಿಗೆ ಎಷ್ಟು ಕೆಟ್ಟ ಯೋಚನೆಗಳು ಬರಬೇಕೋ ಅಷ್ಟೂ ಬಂದುಹೋದವು.

“ತಗೋ,” ಎಂದು ಅವರು ಚೂರನ್ನು ಕಿಂಡಿಗೆ ಚಾಚಿದರು. “ನೀನ ನೋಡು.”

ಹೆದರುತ್ತಲೇ ಬಗ್ಗಿದಳು. ಗುಗ್ಗುಳದ ವಾಸನೆ. ಮಠದಲ್ಲಿ ಧೂಪ ಹಾಕಿದಾಗ ಬರುವಂಥದು, ಸ್ವಲ್ಪ ತೆಳುವಾಗಿ, ಸ್ವಲ್ಪ ತಂಪಾಗಿ. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು.

ಹಾಗೆಂದು ಬೀಗವೇನೂ ತೆರೆಯಲಿಲ್ಲ. ಹಾವೇರಿಯವರು ಮಾಸ್ಕು, ಕೈಗವಸು ಹಾಕಿಕೊಂಡು ಬರುವಾಗ ಮಧ್ಯಾಹ್ನ ಎರಡೂವರೆಯಾಗಿತ್ತು. ಪುಡಿಯನ್ನೂ ಕವರನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡರು. ಭುವನಾಳನ್ನೂ ಮಾಸ್ತರರನ್ನೂ ಜಿಲ್ಲಾ ಆಸ್ಪತ್ರೆಗೆ ಒಯ್ದರು. ವಾಸನೆ ತನಗೆ ಹಾಗೆ ಅನ್ನಿಸಿತಷ್ಟೇ, ಖರೇ ಏನೋ ಬೇರೆ ಇದ್ದರೆ ಎಂಬ ಅಳುಕು ಹೆದ್ದಾರಿಯುದ್ದಕ್ಕೂ ಅವಳನ್ನು ಮತ್ತೆ ಹೊಕ್ಕಿತ್ತು. ಡಾಕ್ಟರಮ್ಮ ಸ್ಕ್ಯಾನಿನ ಪರದೆ ತಿರುಗಿಸಿ ಮಿಣಮಿಣ ಬಡಿಯುವ ಚುಕ್ಕೆ ತೋರಿಸಿದಾಗ, ರಾಣೆಬೆನ್ನೂರಿನಿಂದ ಬೈಕಿನಲ್ಲಿ ಓಡಿಬಂದಿದ್ದ ಸಿದ್ದಲಿಂಗೇಶ ಅವಳ ತಲೆಯ ಬಳಿ ನಿಂತು ಗೋಡೆಗೆ ಮುಖ ಮಾಡಿದ.

ಹನ್ನೊಂದು ದಿನಗಳ ಮೇಲೆ ಕವರು ವಾಪಸು ಬಂತು. ಪುಡಿಯಲ್ಲಿ ವಿಷವೇನೂ ಇಲ್ಲ ಎಂಬ ಚೀಟಿಯೂ ಜೊತೆಗಿತ್ತು. ಪರಮೇಶಪ್ಪ ಅದನ್ನು ಭುವನಾಳ ಕೈಗೇ ಕೊಟ್ಟರು. “ನಾ ಬಾಗಲಾ ಹಾಕಬಾರದಿತ್ತು,” ಎಂದರು. ಅವಳು ಹೂಂ ಎಂದಳು, ಇಲ್ಲ ಎನ್ನಲಿಲ್ಲ.

ಮಾಸ್ತರರು ಕೌಂಟರಿನಲ್ಲೇ ಕವರು ಬಿಚ್ಚಿದರು. ಒಳಗೆ ಪತ್ರವಿತ್ತು. ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದರು.

“ಗೆಳೆಯ ಹೋದ ವರ್ಷನ ತೀರಿಕೊಂಡಾನಂತ. ರೂತಾ ಅಂದ್ರ ಮಗಳು. ಅಪ್ಪನ ಮೇಜಿನ ಮ್ಯಾಲೆ ನನ್ನ ಹೆಸರು ಬರದಿಟ್ಟ ಚೀಟಿ, ಹಳ್ಳು ಸಿಕ್ಕಾವಂತ. ಅದಕ್ಕ ಕಳಿಸ್ಯಾಳ.”

ಭುವನಾ ಕೈಯಲ್ಲಿದ್ದ ಮೊಹರು ಕೆಳಗಿಟ್ಟಳು. “ಹಂಗಾರ ಅವತ್ತು, ಆ ಹೆಸರು ಓದಿದಾಗ, ನಿಮಗ...”

“ಗೊತ್ತಿರಲಿಲ್ಲವಾ. ಇಪ್ಪತ್ತು ವರ್ಷದಿಂದ ಅವನ ಅಕ್ಷರ ನೋಡೇನಿ. ಅದು ಅವನ ಅಕ್ಷರ ಅಲ್ಲ. ಆ ಹೆಸರೂ ನಾ ಕೇಳಿರಲಿಲ್ಲ. ಒಳಗ ಏನೈತಿ, ಯಾರು ಕಳಿಸ್ಯಾರ, ದೇವರಾಣೆ ಗೊತ್ತಿರಲಿಲ್ಲ.”

“ಮತ್ತ ‘ಅವನದ ಅದು’ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ?”

“ಹೇಳದಿದ್ದರ ನೀ ಕವರು ಕೊಡತಿದ್ದಿಲ್ಲ. ಯಾರರ ಒಬ್ಬರು ಮೂಸಬೇಕಿತ್ತು.” ಅವರು ನಗಲು ನೋಡಿದರು, ಆಗಲಿಲ್ಲ. “ಸೂಜಿ ಹಿಡದಾಗ ನನ್ನ ಕೈ ಹೆಂಗ ನಡಗತಿತ್ತು, ನೀ ನೋಡಲಿಲ್ಲ ಕಾಣತೈತಿ.”

ಅವಳು ಸ್ಟೂಲು ಎಳೆದು, ಬಾಗಿಲು ತೆರೆದು, “ಒಳಗ ಬಂದು ಕುಂದ್ರಿ ಮಾಸ್ತರ,” ಎಂದಳು. ಅವರು ಬಂದು ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು, ಒಡೆದ ಚೂರುಗಳನ್ನು ಕಾಗದದ ಮೇಲೆ ಒಂದೊಂದಾಗಿ ಸರಿಸುತ್ತ ಒಂದು ಚೂರಿನಲ್ಲಿ ಕಂಡ ಅರ್ಧ ಇರುವೆಯ ಉಳಿದರ್ಧವನ್ನು ಹುಡುಕತೊಡಗಿದರು.