ಅಂಜಲೈಯ ಕಪ್ಪು ಮಣ್ಣು

ಪಾಲಾರ್ ನದಿ ದಂಡೆಯ ನಮ್ಮೂರಿನಲ್ಲಿ ಅಂಜಲೈಗಿದ್ದಷ್ಟು ಮಣ್ಣಿನ ಹುಚ್ಚು ಇನ್ನೊಬ್ಬರಿಗಿರಲಿಲ್ಲ. ಹದಿನೆಂಟು ವರ್ಷ ಕೆರೆಯ ತಳದ ಗೋಡುಮಣ್ಣು, ಸಗಣಿಗೊಬ್ಬರ ಹೊತ್ತು ಹಾಕಿ ತನ್ನ ಅರ್ಧ ಎಕರೆಯನ್ನು ಕಪ್ಪಗೆ, ಮೆತ್ತಗೆ ಮಾಡಿದ್ದಳು. ಪಕ್ಕದ ತನಿಕಾಚಲಂ ತನ್ನ ಮರಳು ಹೊಲಕ್ಕೆ ಅಂಗಡಿಯ ಗೊಬ್ಬರ ಎರಚಿ ಸುಮ್ಮನಾಗುತ್ತಿದ್ದ. ಇಬ್ಬರಿಗೂ ನೀರು ಒಂದೇ ಕಾಲುವೆಯದು. ತೊಗಲು ಹದ ಮಾಡುವ ಕಾರ್ಖಾನೆ ತನ್ನ ಕ್ರೋಮಿಯಂ ವಿಷದ ನೀರನ್ನು ಬಿಡುತ್ತಿದ್ದದ್ದೂ ಆ ಕಾಲುವೆಗೇ.

ಒಂದು ದಿನ ಸರ್ಕಾರದವರು ಬಂದು ಮಣ್ಣು ಪರೀಕ್ಷಿಸಿದರು. ಅಂಜಲೈಯ ಮಣ್ಣಿನಲ್ಲಿ ಕ್ರೋಮಿಯಂ ಮಿತಿಯ ಮೂರು ಪಟ್ಟಿತ್ತು; ತನಿಕಾಚಲಂನದು ಪಾಸು. ಏನೂ ಬೆಳೆಯಕೂಡದೆಂದು ಅವಳ ಹೊಲಕ್ಕೆ ಮುಳ್ಳುತಂತಿಯ ಬೇಲಿ ಬಿತ್ತು.

"ಅಷ್ಟು ಉಣ್ಣಿಸಬೇಡ ಅಂದಿದ್ದೆ ಅಕ್ಕಾ. ನೋಡು, ಸಿಕ್ಕಿದ್ದೆಲ್ಲ ತಿಂದು ಕೂತಿದೆ," ಎಂದ ತನಿಕಾಚಲಂ.

"ನಿಂದು ಉಪವಾಸ ಇದ್ದೇ ಪಾಸಾಯ್ತು ಬಿಡಪ್ಪ."

ಮರುವರ್ಷ ಕೃಷಿ ಕಾಲೇಜಿನ ಯಾಳಿನಿ ಎಂಬ ಹುಡುಗಿ ಬಂದಳು. ಅವಳು ಮಣ್ಣನ್ನಷ್ಟೇ ಅಲ್ಲ, ತನಿಕಾಚಲಂನ ಹೊಲದ ಸೊಪ್ಪನ್ನೂ ಬಾವಿ ನೀರನ್ನೂ ಒಯ್ದಳು. ಅಂಜಲೈಯ ಬೇಲಿಯೊಳಗೆ ತಾನಾಗಿ ಎದ್ದಿದ್ದ ದಂಟಿನ ಸೊಪ್ಪನ್ನೂ ಬಿಡಲಿಲ್ಲ. ತಿಂಗಳ ನಂತರ ಇಬ್ಬರನ್ನೂ ಕೂರಿಸಿಕೊಂಡಳು.

"ಅಮ್ಮಾ, ನಿಮ್ಮ ದಂಟಲ್ಲಿ ವಿಷ ಇಲ್ಲ ಅಂತಲೇ ಹೇಳಬಹುದು. ಗೊಬ್ಬರ, ಗೋಡು ತಿಂದ ಮಣ್ಣಲ್ವಾ, ಕ್ರೋಮಿಯಂ ಅನ್ನ ತನ್ನ ಮೈಗೆ ಅಂಟಿಸ್ಕೊಂಡು ಬೇರಿಗೆ ಬಿಟ್ಟಿಲ್ಲ. ಮಾಮನ ಮರಳಿಗೆ ಆ ಹಿಡಿತ ಇಲ್ಲ. ಸೊಪ್ಪಿಗೂ ಬಾವಿಗೂ ಬಿಟ್ಬಿಟ್ಟಿದೆ."

"ನಮ್ಮನೇಲಿ ಕುಡಿಯೋದು ಆ ಬಾವಿ ನೀರೇ ಕಣಮ್ಮ," ಎಂದ ತನಿಕಾಚಲಂ, ಮೆಲ್ಲಗೆ.

ಅಂಜಲೈ ಅವನನ್ನು ಹಂಗಿಸಲಿಲ್ಲ. ಯಾಳಿನಿಯನ್ನು ಕೇಳಿದಳು: "ಅಂದ್ರೆ ಕಳ್ಳನ್ನ ಹಿಡಿದಿಟ್ಟೋರಿಗೆ ಬೇಲಿ, ಬಿಟ್ಟೋರಿಗೆ ಸರ್ಟಿಫಿಕೇಟಾ?"

ಯಾಳಿನಿ ವರದಿ ಬರೆದಳು. ಅಧಿಕಾರಿಗಳು ಅದನ್ನು ನಿಜಕ್ಕೂ ಓದಿದರು. ಇಷ್ಟು ಚೆನ್ನಾಗಿ ವಿಷ ಹಿಡಿಯುವ ಮಣ್ಣು ಸುಮ್ಮನೆ ಬಿದ್ದಿರಬಾರದೆಂದು, ಒಂದಡಿ ಆಳಕ್ಕೆ ಕೆರೆದು, ಕಾರ್ಖಾನೆಯ ಹೊಸ ಕೊಳಚೆಗುಂಡಿಯ ತಳಕ್ಕೆ ಹಾಸಲು ಆದೇಶವಾಯಿತು. ಲಾರಿಯಿಂದ ಉದುರಿದ ಹೆಂಟೆಯೊಂದನ್ನು ಅಂಜಲೈ ಎತ್ತಿಕೊಂಡಾಗ ಎಂಜಿನಿಯರು, "ಮುಟ್ಟಬೇಡಿಮ್ಮ, ಕೈಗೆ ಒಳ್ಳೇದಲ್ಲ," ಎಂದ. ಅವಳು ಅದನ್ನು ಮೂಸಿ ನೋಡಿ ಲಾರಿಗೇ ಹಾಕಿದಳು.

ಗುಂಡಿ ಸೋರಲಿಲ್ಲ. ಕಾರ್ಖಾನೆಯ ನೀರು ಅದಕ್ಕೆ ಹೋಗತೊಡಗಿದ ಮೇಲೆ ಕಾಲುವೆ ತಿಳಿಯಾಯಿತು. ಪರಿಸರ ಕಾಳಜಿಗಾಗಿ ಕಾರ್ಖಾನೆಯ ಮಾಲೀಕರಿಗೆ ಶಾಲು ಹೊದಿಸಿದರು.

ಆ ಬೇಸಿಗೆಯಲ್ಲಿ ಅಂಜಲೈ ಮತ್ತೆ ಕೆರೆಗಿಳಿದಳು. ಗೋಡು ತುಂಬುತ್ತಿರುವಾಗ ತನಿಕಾಚಲಂ ತಾನೂ ಒಂದು ಬುಟ್ಟಿ ಹಿಡಿದು ಬಂದು ನಿಂತ.

"ಮಣ್ಣು ಕಪ್ಪಾಗೋಕೆ ಎಷ್ಟು ವರ್ಷ ಹಿಡಿಯುತ್ತೆ ಅಕ್ಕಾ?"

"ಮೊದಲು ಬುಟ್ಟಿ ಎತ್ತು," ಎಂದಳು.