ಫೋಟೋದೊಳಗಿನ ಕರು

“ತಲೆ ವಾಲ್ತಾ ಐತೆ ಕಣ್ಲಾ ನಾಗ, ಒಸಿ ಎತ್ತಿ ಹಿಡಿ.”

ನೆರೆಮನೆಯ ಬಸವಯ್ಯ ಹೇಳಿದಂತೆ ನಾಗರಾಜು ಅಪ್ಪನ ಕಂಕುಳಿಗೆ ಕೈಕೊಟ್ಟು ಎತ್ತಿ, ಜಗಲಿಯ ಗೋಡೆಗೆ ಒತ್ತಿಸಿದ್ದ ಬೆಂಚಿನ ಮೇಲೆ ಕೂರಿಸಿದ. ಬಸವಯ್ಯ ಗಲ್ಲದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿದರು. ಎದೆಗೊಂದು ಪಂಚೆ ಸುತ್ತಿ, ಹಿಂದಿನ ಕಿಟಕಿಯ ಸರಳಿಗೆ ಬಿಗಿದರು. ಬದುಕಿದ್ದಷ್ಟು ದಿನವೂ ಬೋರಲಿಂಗಯ್ಯ ಇಷ್ಟು ನೆಟ್ಟಗೆ ಕೂತವರಲ್ಲ.

ಬೆಳಿಗ್ಗೆ ಹುಳುವಿಗೆ ಸೊಪ್ಪು ತರಲೆಂದು ಹಿಪ್ಪುನೇರಳೆ ತೋಟಕ್ಕೆ ಹೋದವರು ಬದುವಿನ ಮೇಲೆ ಕೂತರು, ಕೂತಲ್ಲೇ ಆಗಿಹೋಯಿತು. ಯಾರನ್ನೂ ಒಂದು ಲೋಟ ನೀರು ಕೇಳಲಿಲ್ಲ. ಸಾವಿನ ಮನೆಯೆಂದು ರೇಷ್ಮೆ ಹುಳು ಹಸಿವು ತಡೆದುಕೊಳ್ಳುತ್ತದೆಯೇ? ಹಿಂದಿನ ಕೋಣೆಯಲ್ಲಿ ಅಕ್ಕಪಕ್ಕದ ಹೆಂಗಸರಿಬ್ಬರು ಕಣ್ಣೊರೆಸಿಕೊಳ್ಳುತ್ತಲೇ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದರು. ಮುಂದೆ ತಮಟೆಯವರು ಬಂದು ಬೆಂಕಿಗೆ ತಮಟೆ ಕಾಯಿಸುತ್ತಿದ್ದರು.

ರಾಮನಗರದ ಹತ್ತಿರದ ಕೈಲಾಂಚದ ಕಡೆ ಸತ್ತವರನ್ನು ಹೀಗೆ ಕೂರಿಸಿ, ಸುತ್ತ ಮನೆಯವರು ನಿಂತು ಕೊನೆಯದೊಂದು ಫೋಟೋ ತೆಗೆಸುವುದುಂಟು. ಎಲ್ಲ ಮನೆಗಳಲ್ಲೂ ಅದು ಒಂದು ಶಾಸ್ತ್ರ, ಅಷ್ಟೆ. ಈ ಮನೆಯಲ್ಲಿ ಹಾಗಲ್ಲ. ಇಲ್ಲಿ ಫೋಟೋದಲ್ಲಿ ನಿಂತವರೇ ಮನೆಯವರು, ನಿಲ್ಲದವರು ಹೊರಗಿನವರು. ಊರಿಗೇ ಗೊತ್ತಿದ್ದ ಮಾತು ಅದು.

ನಾಗರಾಜು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಹೆಂಡತಿ ಚೈತ್ರಾ ಚೊಂಬು ಹಿಡಿದು ಬಂದಳು.

“ಲತಾಮಣಿಗೆ ಫೋನ್ ಮಾಡಿದ್ದೆ. ಚನ್ನಪಟ್ಟಣ ಬುಟ್ಟವ್ರಂತೆ.”

“ಯಾರ್ ಮಾಡು ಅಂದ್ರು ನಿಂಗೆ?”

“ಅಪ್ಪ ಸತ್ತದ್ದ ಮಗಳಿಗೆ ಹೇಳಾಕೆ ಯಾರನ್ನಾರ ಕೇಳ್ಬೇಕಾ?”

ನಾಗರಾಜು ನೀರು ಮುಖಕ್ಕೆ ಎರಚಿಕೊಂಡ. “ಬರ್ಲಿ, ಬ್ಯಾಡ ಅನ್ನಲ್ಲ. ಮಕ ನೋಡ್ಕಂಡು, ಒಂದಿಡಿ ಮಣ್ಣಾಕಿ ಹೋಗ್ಲಿ. ಫೋಟೋಕೆ ಮಾತ್ರ ನಿಲ್ಲಂಗಿಲ್ಲ.”

“ಅಯ್ಯೋ, ಹೆಣದ ಮುಂದೆ ಇದೆಂತಾ ಹಟ ರೀ ನಿಮ್ದು?”

“ಹಟ ನಂದಲ್ಲ ಕಣೇ. ಅಪ್ಪನ ಮಾತು.”

*

ಬೋರಲಿಂಗಯ್ಯನವರ ಅಪ್ಪ ಒಂದೂ ಫೋಟೋ ಇಲ್ಲದೆ ಸತ್ತಿದ್ದರು. ಹಿರಿಯರ ಹಬ್ಬದಲ್ಲಿ ಬೇರೆ ಮನೆಗಳವರು ಫೋಟೋದ ಮುಂದೆ ಎಡೆ ಇಟ್ಟರೆ, ಈ ಮನೆಯಲ್ಲಿ ಹೊಸ ಪಂಚೆಯೊಂದನ್ನು ಮಡಿಸಿಟ್ಟು ಅದಕ್ಕೆ ಎಡೆ ಇಡುತ್ತಿದ್ದರು. “ನಮ್ಮಪ್ಪನ ಮೂಗು ಹೆಂಗಿತ್ತು ಅಂತ ನಂಗೇ ಮರ್ತೋಯ್ತಾ ಐತೆ,” ಎಂದು ಪಂಚೆಯ ಮುಂದೆ ಕೈಮುಗಿದು ಕೊರಗುತ್ತಿದ್ದರು ಬೋರಲಿಂಗಯ್ಯ. ಆ ಕೊರಗೇ ಮನೆಯ ಪದ್ಧತಿಯಾಯಿತು. ಸಂಕ್ರಾಂತಿಯಲ್ಲಿ ದನಗಳ ಮೈತೊಳೆದು ಅರಿಶಿನ ಬಳಿದ ಮೇಲೆ ಒಂದು ಫೋಟೋ. ಯುಗಾದಿಗೆ ವರ್ಷದ ಮೊದಲ ಉಳುಮೆಯ ಹೊನ್ನಾರು ಹೂಡಿ ಬಂದ ಮೇಲೆ ಒಂದು. ಗೌರಿಹಬ್ಬಕ್ಕೊಂದು, ದೀಪಾವಳಿಗೊಂದು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ ಹತ್ತಿರ ಸ್ಟುಡಿಯೋ ಇಟ್ಟಿದ್ದ ಅಸ್ಗರ್ ಸ್ಕೂಟರ್ ಹತ್ತಿ ಬರಬೇಕು, ಒಬ್ಬಟ್ಟೋ ಕಡುಬೋ ತಿನ್ನಬೇಕು, ತೆಗೆಯಬೇಕು. ಊರಿಗೆಲ್ಲ ಕ್ಯಾಮೆರಾ ಫೋನು ಬಂದ ಮೇಲೂ ಅಷ್ಟೆ. “ಫೋನಿನ ಫೋಟೋ ಗೋಡೆ ಮ್ಯಾಲೆ ನಿಲ್ತದೇನ್ಲಾ?” ಎನ್ನುತ್ತಿದ್ದರು.

ಎಲ್ಲರಿಗೂ ಒಂದೊಂದು ಜಾಗ. ನಡುವೆ ಕುರ್ಚಿಯಲ್ಲಿ ಅಪ್ಪ, ಬಲಕ್ಕೆ ಅವ್ವ ಮಾಯಮ್ಮ, ಹಿಂದೆ ನಾಗರಾಜು. ಎಡಗಡೆ, ಕುರ್ಚಿಯ ತೋಳಿನ ಮೇಲೆ ಕೈಯಿಟ್ಟುಕೊಂಡು, ಲತಾಮಣಿ. ಹಲ್ಲು ಬಿದ್ದ ಹುಡುಗಿಯಾಗಿದ್ದಾಗಿನಿಂದ ಲಂಗದಾವಣಿ ಉಡುವ ತನಕ ಆ ಕೈ ಅಲ್ಲೇ ಇತ್ತು.

ಆ ಹುಡುಗಿ ಬೈರಾಪಟ್ಟಣದ ಕುರಿ ಸಾಕುವವರ ಮನೆಯ ಮುತ್ತುರಾಜುವಿನ ಜೊತೆ ಹೊರಟುಹೋದಳು. ಜಾತಿ ಬೇರೆ. ಊರವರೆಲ್ಲ ಇದೇ ಜಗಲಿಯಲ್ಲಿ ಸೇರಿದರು. ಬೋರಲಿಂಗಯ್ಯ ಎದ್ದು ನಿಂತು, “ಇವತ್ತಿಂದ ಅವಳು ಈ ಮನೆ ಫೋಟೋದಾಗೆ ಇಲ್ಲ. ನಾಗ, ನೀನೂ ಕೇಳಿಸ್ಕೊ,” ಎಂದರು. ನಾಗರಾಜು ಕೇಳಿಸಿಕೊಂಡ. ಹೂಂ ಎಂದ.

ಮುಂದಿನ ಸಂಕ್ರಾಂತಿಗೆ ಅಸ್ಗರ್ ಬಂದಾಗ ಅಪ್ಪ, ಅವ್ವ, ನಾಗರಾಜು ನಿಂತರು. ಅಸ್ಗರ್ ಇನ್ನೇನು ಬಟನ್ ಒತ್ತಬೇಕು, ಅಪ್ಪ ಕೈ ಎತ್ತಿದರು.

“ತಡಿಯೋ. ಮೂರ್ ಜನ ನಿಲ್ಲಬಾರ್ದು, ನಡುವಿನೋರ್ಗೆ ಆಗ್‌ಬರಲ್ಲ. ನಾಗ, ಆ ಹೆಣ್ಗರ ಹಿಡ್ಕಂಬಾ.”

ಹಾಗೆಂದು ಊರಿಗೆಲ್ಲ ನಂಬಿಕೆಯಿತ್ತು, ಯಾರೂ ಬೆರಗಾಗಲಿಲ್ಲ. ಕೊಂಬಿಗೆ ಬಣ್ಣ ಬಳಿಸಿಕೊಂಡಿದ್ದ ಕರು ಬಂದು ಎಡಗಡೆ ನಿಂತಿತು. ನಾಗರಾಜು ಹಿಂದಿನಿಂದ ಕೈಚಾಚಿ ಹಗ್ಗ ಹಿಡಿದ. ಆಮೇಲೆ ಅದೇ ರೂಢಿಯಾಯಿತು. ಕರು ಬೆಳೆದು ಹಸುವಾದರೆ ಇನ್ನೊಂದು ಕರು. ಹಗ್ಗ ಮಾತ್ರ ನಾಗರಾಜುವಿನ ಕೈಯಲ್ಲೇ.

ತಂಗಿ ಓಡಿಹೋದ ಮನೆ ಎಂದು ಅವನಿಗೆ ಹೆಣ್ಣು ಕೊಡಲು ಜನ ಮೀನಮೇಷ ಎಣಿಸಿದರು. ನೋಡಿ ಬಂದ ಕಡೆಯಿಂದೆಲ್ಲ ಉತ್ತರವೇ ಬರುತ್ತಿರಲಿಲ್ಲ. ಅವನ ಸಿಟ್ಟೆಲ್ಲ ತಂಗಿಯ ಮೇಲೆ ತಿರುಗಿತು. ಒಂದು ದಿನ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಲತಾಮಣಿ ಮಗು ಎತ್ತಿಕೊಂಡು “ಅಣ್ಣಯ್ಯ” ಅಂದಳು. ಅವನು ಮುಖ ತಿರುಗಿಸಿ ಬಸ್ಸು ಹತ್ತಿದ. ಮನೆಗೆ ಬಂದು, ಊಟಕ್ಕೆ ಕೂತಿದ್ದ ಅಪ್ಪನಿಗೆ ಅದನ್ನು ಹೆಮ್ಮೆಯಿಂದಲೇ ಹೇಳಿದ. ಭೇಷ್ ಅಂದಾರು ಅಂದುಕೊಂಡಿದ್ದ. “ಮಗ ಗಂಡೋ ಹೆಣ್ಣೋ?” ಎಂದು ಕೇಳಿದರು ಅಪ್ಪ. ನೋಡಲಿಲ್ಲ ಅಂದ. ಅವರು ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದರು.

*

ಲತಾಮಣಿ ಆಟೋದಿಂದ ಇಳಿದಾಗ ತಮಟೆ ನಿಂತಿತು. ಮುತ್ತುರಾಜು ರಸ್ತೆಯ ಆಚೆ, ಹುಣಸೆಮರದ ಬುಡದಲ್ಲೇ ಉಳಿದ. ಅವಳು ಕೈಯಲ್ಲಿದ್ದ ಹಾರ ಅಪ್ಪನ ಕೊರಳಿಗೆ ಹಾಕಿ, ಕಾಲಿನ ಮೇಲೆ ತಲೆಯಿಟ್ಟಳು. ಅಪ್ಪನ ತಂಗಿ ಅಂಕಮ್ಮ ಅವಳ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಅದೇ ಬೆನ್ನನ್ನು ತಬ್ಬಿಕೊಂಡು ಅತ್ತಳು.

“ಈಗ್ ಬಂದ್ಯೇನೇ ಮುಂಡೇದೇ! ಕಣ್ ಬುಟ್ಕಂಡ್ ಇದ್ದಾಗ ಬರ್ಬಾರ್ದಾಗಿತ್ತಾ?”

“ಕರೀಲಿಲ್ವಲ್ಲತ್ತೆ,” ಎಂದಳು ಲತಾಮಣಿ.

ಮಾಯಮ್ಮ ಚಾಪೆಯ ಮೇಲಿಂದ ಮಗಳ ಕಡೆ ಕೈ ಚಾಚಿ, ಮಗನ ಮುಖ ನೋಡಿ, ಅರ್ಧಕ್ಕೇ ಇಳಿಸಿದಳು. ಲತಾಮಣಿ ಅದನ್ನು ನೋಡಿದಳು. ಯಾರೂ ಹೇಳದೆಯೇ ಹೋಗಿ ಜಗಲಿಯ ಕಂಬದ ಹಿಂದೆ ನಿಂತಳು. ಅಲ್ಲಿಂದ ನಡುಮನೆಯ ಗೋಡೆ ಕಾಣುತ್ತಿತ್ತು. ಗೋಡೆ ತುಂಬ ಹಬ್ಬಗಳು, ಅವಳು ಹೋದ ಮೇಲಿನ ಹಬ್ಬದಲ್ಲೆಲ್ಲ ಕರುಗಳು.

ಅಸ್ಗರ್ ಬಂದ. ಅವನಿಗೂ ಗಡ್ಡ ಬೆಳ್ಳಗಾಗಿತ್ತು. ಬೋರಲಿಂಗಯ್ಯನವರ ಮುಂದೆ ಚಪ್ಪಲಿ ಬಿಟ್ಟು ತಲೆ ಬಾಗಿಸಿದ. ಆಮೇಲೆ ಕಣ್ಣೊರೆಸಿಕೊಂಡು ಕ್ಯಾಮೆರಾ ಹೊರತೆಗೆದು, “ಮನೆಯೋರು ಬನ್ನಿ,” ಎಂದ.

ಮಾಯಮ್ಮನನ್ನು ಎಬ್ಬಿಸಿ ಬಲಕ್ಕೆ ಕೂರಿಸಿದರು. ಚೈತ್ರಾ ಮಗ ದೀಪುವನ್ನು ಕರೆದುಕೊಂಡು ಹಿಂದೆ ನಿಂತಳು. ಬೆಂಚಿನ ಎಡಗಡೆ ಖಾಲಿ ಉಳಿಯಿತು. ಸೇರಿದವರೆಲ್ಲ ಕಂಬದ ಕಡೆ ನೋಡಿದರು.

“ಮಗಳೂ ನಿಲ್ಲಲಿ ಬುಡ್ಲಾ ನಾಗ,” ಎಂದರು ಬಸವಯ್ಯ. “ಹೋದೋನೇ ಹೋದ. ಇನ್ನೇನು?”

“ನಿಮ್ ಮುಂದೇನೇ ಅಲ್ವಾ ಚಿಕ್ಕಪ್ಪ ಅಪ್ಪ ಹೇಳಿದ್ದು? ಅಪ್ಪನ ಮಾತ ಅಪ್ಪನ ಎದುರ್ಗೇ ಮುರೀಲಾ? ಯಾವಾಗ್ಲೂ ಹೆಂಗೆ ತೆಗುಸ್ತಿದ್ವೋ ಇವತ್ತೂ ಹಂಗೇ. ನಾನ್ ಕರ ಹಿಡ್ಕಂಡ್ ಬತ್ತೀನಿ.”

ಅವನು ಕೊಟ್ಟಿಗೆಗೆ ನಡೆದ. ಕರುವಿನ ಹಗ್ಗ ಬಿಚ್ಚುತ್ತಿರುವಾಗ ಅಸ್ಗರ್ ಹಿಂದೆಯೇ ಬಂದ.

“ನಾಗಣ್ಣ, ಒಂದ್ ಮಾತು. ಈ ಕರ ಯಾಕ್ ನಿಲ್ಸೋದು ಅಂತ ಗೊತ್ತಾ ನಿಮ್ಗೆ?”

“ಮೂರ್ ಜನ ಆಗ್ಬಾರ್ದು ಅಂತ. ನೀನೂ ಇದ್ದಲ್ಲ ಅವತ್ತು.”

“ನಿಮ್ ಮದ್ವೆ ಆಯ್ತು, ನಾಕ್ ಜನ ಆದ್ರಿ. ಮಗ ಹುಟ್ದ, ಐದಾದ್ರಿ. ಆಮೇಲೂ ಯಾಕ್ ಬೇಕಾಗಿತ್ತು ಕರ?”

ನಾಗರಾಜು ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತ.

*

ಚೈತ್ರಾ ಮನೆ ತುಂಬಿದ ಮೇಲಿನ ಮೊದಲ ಗೌರಿಹಬ್ಬ. ಸೋನೆ ಹಿಡಿದಿತ್ತು. ಕೊಟ್ಟಿಗೆಯಲ್ಲಿ ಆ ವರ್ಷ ಹೋರಿಗರುವೊಂದೇ ಇತ್ತು. ಎಲ್ಲರೂ ಹೊಸಬಟ್ಟೆ ಉಟ್ಟು ಜಗಲಿಯಲ್ಲಿ ನಿಂತಿದ್ದರೆ ಬೋರಲಿಂಗಯ್ಯನೇ ನಾಪತ್ತೆ. ಕೊನೆಗೆ ಬೀದಿಯ ಆ ತುದಿಯಿಂದ ಬಂದರು, ಬಸವಯ್ಯನ ಮನೆಯ ಹೆಣ್ಗರುವನ್ನು ಎರವಲು ತಂದಿದ್ದರು. ಕೊಡೆಯನ್ನು ಕರುವಿನ ಮೇಲೆ ಹಿಡಿದಿದ್ದರು, ತಾವು ನೆನೆದು ತೊಪ್ಪೆಯಾಗಿದ್ದರು.

ಚೈತ್ರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾಗರಾಜುವಿಗೂ ನಗು ತಡೆಯಲಾಗಲಿಲ್ಲ. “ಈಗ ನಾಕ್ ಜನ ಆದ್ವಲ್ಲಪ್ಪಾ, ಇದ್ಯಾಕೆ?”

“ಅಭ್ಯಾಸ ಆಗೋಗೈತೆ ಕಣ್ಲಾ. ಹಿಡ್ಕೊ,” ಎಂದು ಹಗ್ಗ ಕೊಟ್ಟಿದ್ದರು ಅಪ್ಪ.

ಊರಲ್ಲಿ ಅದು ಬಹಳ ದಿನದ ತಮಾಷೆಯಾಯಿತು. ಬೋರಲಿಂಗಯ್ಯನ ಮನೆ ಗೋಡೆಯ ಮೇಲೆ ನಮ್ಮ ಕರುವೂ ಇದೆ ಎಂದು ಬಸವಯ್ಯ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು.

*

“ಗೌರಿಹಬ್ಬಕ್ಕೆ ಮಳೇಲಿ ಕರ ತಂದಿದ್ರಲ್ಲ, ಅವತ್ತು ನನ್ನ ಸ್ಕೂಟರ್ ತಂಕ ಕಳ್ಸಕ್ ಬಂದಿದ್ರು,” ಎಂದ ಅಸ್ಗರ್. “ನಾನೂ ನಿಮ್ಮಂಗೇ ಕೇಳ್ದೆ. ‘ಅದು ಅವಳ ಜಾಗ ಕಣೋ ಅಸ್ಗರ್’ ಅಂದ್ರು. ‘ಖಾಲಿ ಬುಟ್ರೆ ಊರೋರ್ಗೆ ಕಾಣ್ತದೆ. ಬ್ಯಾರೆ ಯಾರ್ನಾರ ನಿಲ್ಸಿದ್ರೆ ಜಾಗ ಹೊಂಟೋಯ್ತದೆ. ಕರ ಆದ್ರೆ ಯಾವತ್ ಬೇಕಾದ್ರೂ ಪಕ್ಕಕ್ ಸರಿಸ್ಬೌದು’ ಅಂದ್ರು.”

ನಾಗರಾಜುವಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅಪ್ಪನ ಮಾತೆಂದು ಒಡಹುಟ್ಟಿದವಳ ಮುಖ ನೋಡದೆ ಇದ್ದವನು ತಾನು. ಆ ಮಾತು ಆಡಿದವರೇ ಹಬ್ಬಹಬ್ಬಕ್ಕೂ ಅದನ್ನು ತನ್ನ ಕಣ್ಣೆದುರೇ ಮುರಿಯುತ್ತಿದ್ದರು. ಹಗ್ಗ ಹಿಡಿದುಕೊಂಡು ನಿಂತಿದ್ದವನೂ ತಾನೇ.

“ನಂಗ್ಯಾಕ್ ಹೇಳ್ಲಿಲ್ಲ?” ಅವನು ಅಸ್ಗರ್ ಕಡೆ ತಿರುಗಿದ. “ಒಂದ್ ಮಾತ್ ಹೇಳಿದ್ರೆ ನಾನೇ ಹೋಗಿ ಕರ್ಕಂಡ್ ಬತ್ತಿರ್ಲಿಲ್ವಾ?”

“ನಾಚ್ಕೆ ನಾಗಣ್ಣ. ಅವ್ರ ಮಾತಿಗೆ ನೀವು ಅಷ್ಟ್ ಗಟ್ಟಿಯಾಗ್ ನಿಂತ್ಬುಟ್ರಿ. ಮಗನ ಮುಂದೆ ಹೆಂಗ್ ಮುರೀತಾರೆ?”

ಹೊರಗಿನಿಂದ ಬಸವಯ್ಯ ಕೂಗಿದರು. “ಹೊತ್ತಾಯ್ತಾ ಐತೆ, ಬರ್ರೋ! ಗುಂಡಿ ತೋಡಿ ಆಗೈತೆ.”

ನಾಗರಾಜು ಬಗ್ಗಿ ಗಂಟು ಬಿಚ್ಚಿದ. ಕರುವನ್ನು ಹಿಡಿದುಕೊಂಡೇ ಹೊರಗೆ ಬಂದ. ಅಂಕಮ್ಮ “ಅಯ್ಯೋ ಇವನ ಹಟವೇ” ಎಂದು ಹಣೆ ಚಚ್ಚಿಕೊಂಡಳು. ಚೈತ್ರಾ ಮುಖ ಆ ಕಡೆ ತಿರುಗಿಸಿದಳು. ಕಂಬದ ಹಿಂದೆ ಲತಾಮಣಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೆಟ್ಟಿಲು ಇಳಿಯುವುದಕ್ಕೆ ಒಂದು ಕಾಲು ಮುಂದಿಟ್ಟಳು.

ಅವನು ಬೆಂಚಿನ ಕಡೆಗೆ ಹೋಗಲಿಲ್ಲ. ಕಂಬದ ಹತ್ತಿರ ಬಂದು ನಿಂತ. ಅವಳ ಮುಖ ನೋಡಲು ಆಗಲಿಲ್ಲ, ಹಗ್ಗ ಮಾತ್ರ ಮುಂದೆ ಚಾಚಿದ.

“ಹಿಡ್ಕೊ.”

ಅವಳು ಕೈ ಮುಂದೆ ಮಾಡಲಿಲ್ಲ.

“ಹಿಡ್ಕೊಳ್ಳೇ ಲತಾ. ನಂಗೆ ಕೈ ಸೋತೋಗೈತೆ.”

ಅವಳು ಹಿಡಿದಳು. ಹೋಗಿ ಅಪ್ಪನ ಎಡಗಡೆ ನಿಂತಳು. ಮಾಯಮ್ಮ ಈಗ ಬಾಯಿಬಿಟ್ಟು ಅತ್ತಳು, ಬೆಳಗಿನಿಂದ ಅತ್ತಿರಲಿಲ್ಲ. ನಾಗರಾಜು ರಸ್ತೆಯ ಕಡೆ ಒಮ್ಮೆ ನೋಡಿದ. “ದೀಪು, ಆ ಮರದ ತಾವ ನಿಮ್ಮಾವ ಅವ್ರೆ, ಬರಾಕೇಳು,” ಎಂದು, ತಾನು ಹಿಂದೆ ತನ್ನ ಜಾಗಕ್ಕೆ ಹೋಗಿ ನಿಂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ದೀಪು ಮುತ್ತುರಾಜುವನ್ನು ಕರೆತಂದ ಮೇಲೆ ಅಸ್ಗರ್ ಕ್ಯಾಮೆರಾ ಕಣ್ಣಿಗಿಟ್ಟ. “ಎಲ್ರೂ ಇತ್ಲಾಗ್ ನೋಡಿ.”

ಯುಗಾದಿಯನ್ನೂ ಗೌರಿಯನ್ನೂ ಕಂಡಿದ್ದ ಆ ಕರುವಿಗೆ ತನ್ನ ಜಾಗ ಗೊತ್ತಿತ್ತು. ಅಲ್ಲಿ ಯಾರೋ ನಿಂತಿದ್ದಾರೆ. ಅದು ಲತಾಮಣಿಯ ಸೊಂಟಕ್ಕೆ ತಲೆಕೊಟ್ಟು ನೂಕಿತು, ಮತ್ತೊಮ್ಮೆ ನೂಕಿತು. ಅವಳು ಬೆಂಚಿನ ಮೇಲಿದ್ದ ಅಪ್ಪನ ಕೈಯ ಮೇಲೆ ತನ್ನ ಕೈಯಿಟ್ಟು, ಕದಲದೆ ನಿಂತಳು.