ಅತ್ತಿಗೆಯ ಎಡಗೆನ್ನೆ

ನಮ್ಮ ಪಾರ್ಲರಿನಲ್ಲಿ ಒಂದು ಕಟ್ಟಳೆ ಇದೆ. ಯಾವುದೇ ಹೊಸ ಲೇಪ ಗಿರಾಕಿಯ ಮುಖಕ್ಕೆ ಹೋಗುವ ಮೊದಲು ನಮ್ಮ ಮುಖಕ್ಕೆ ಬರಬೇಕು. ಅದೂ ಅರ್ಧ ಮುಖಕ್ಕೆ ಮಾತ್ರ. ಮೂಗಿನ ನಡುವೆ ಗೆರೆ ಎಳೆದಂತೆ ಎಡಕ್ಕೆ ಹಚ್ಚಿ, ಬಲವನ್ನು ಹಾಗೇ ಬಿಡುವುದು. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಎರಡು ಕಡೆಯನ್ನೂ ಹೋಲಿಸಿ ನೋಡುವುದು. ಈ ಕಟ್ಟಳೆ ಮಾಡಿದವರು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಲೇಪ ಅರೆಯುವುದು, ಎಣ್ಣೆ ಕಾಯಿಸುವುದು, ದಾರ ಹಿಡಿದು ಹುಬ್ಬು ತಿದ್ದುವುದು ಅವರ ಪಾಲು. ಫೇಶಿಯಲ್ಲು, ಮಸಾಜು ಮತ್ತು ಗಿರಾಕಿಗಳ ಜೊತೆ ಜಗಳ ನನ್ನ ಪಾಲು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಅತ್ತಿಗೆ ನನ್ನನ್ನು ಒಣಮೆಣಸಿನಕಾಯಿ ಎಂದು ಕರೆಯುತ್ತಾರೆ. ಗಿರಾಕಿಗಳೂ ಹಾಗೇ ಕರೆಯುತ್ತಾರೆ, ಆದರೆ ಬೆನ್ನ ಹಿಂದೆ.

ಪಾರ್ಲರ್ ಎಂದರೆ ದೊಡ್ಡದೇನಲ್ಲ, ನಮ್ಮ ಮನೆಯ ಮುಂದಿನ ಕೋಣೆ. ಒಂದು ಪಕ್ಕ ಟೈಲರ್ ಅಂಗಡಿ, ಇನ್ನೊಂದು ಪಕ್ಕ ಬೀಗದ ಕೈ ಮಾಡುವವನ ಅಂಗಡಿ. ಒಳಗೆ ಗೋಡೆಗೆ ಕನ್ನಡಿಗಳು, ಅವುಗಳ ಮುಂದೆ ಎರಡು ಕುರ್ಚಿ, ಮೂಲೆಯಲ್ಲಿ ಹಿಂದಕ್ಕೆ ಒರಗುವ ದೊಡ್ಡ ಕುರ್ಚಿ, ಆಮೇಲೆ ಒಂದು ಪರದೆ. ಪರದೆಯ ಆಚೆ ಅಡುಗೆಮನೆ. ನಮ್ಮ ಲೇಪಗಳೆಲ್ಲ ಅಲ್ಲಿಂದಲೇ ಬರುತ್ತವೆ. ಮೊಸರು, ಜೇನು, ಸೌತೆಕಾಯಿ, ಓಟ್ಸ್ ಪುಡಿ, ಹಿತ್ತಿಲಿನ ಲೋಳೆಸರ. ಡಬ್ಬದ ಮೇಲೆ ಬೆಳ್ಳಗಿನ ಹುಡುಗಿಯ ಚಿತ್ರ ಇರುವ ಯಾವ ವಸ್ತುವನ್ನೂ ಅತ್ತಿಗೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆ ವಾರ ಅವರು ಕುಂಬಾರನ ಹತ್ತಿರ ಹೊಸ ಜೇಡಿಮಣ್ಣು ತರಿಸಿದ್ದರು. ಬಟ್ಟೆಯಲ್ಲಿ ಜರಡಿ ಹಿಡಿದು, ಲೋಳೆಸರ ಸೇರಿಸಿ ಕಲಸಿ, ಸಂಜೆ ಕಟ್ಟಳೆಯಂತೆ ಎಡ ಮುಖಕ್ಕೆ ಹಚ್ಚಿಕೊಂಡು, ಒಣಗಿದ ಮೇಲೆ ತೊಳೆದು ಮಲಗಿದರು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಕಿಟಕಿಯ ಬಳಿಯಿಂದ ಕರೆದರು.

“ಬಾರೇ ಇಲ್ಲಿ. ಎಡಗಡೆ ನೋಡು. ಬಿಗಿ ಆದಂಗಿದೆ ಅಲ್ವಾ?”

ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಹೋಗಿ ನೋಡಿದೆ. ನಿಜ ಹೇಳಿಬಿಡುತ್ತೇನೆ, ನನಗೆ ಮೊದಲು ಆದದ್ದು ಖುಷಿ. ಹಣೆಯ ಎಡಭಾಗದಲ್ಲಿ ಒಂದು ಗೆರೆ ಇಲ್ಲ. ಮೂಗಿನಿಂದ ಬಾಯಿಯ ತನಕ ಇದ್ದ ಮಡಿಕೆ ಮಾಯ. ಎಷ್ಟೋ ವರ್ಷದಿಂದ ಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಮಡಿಕೆ ಅದು.

“ಅತ್ತಿಗೆ, ಈ ಮಣ್ಣು ಬಂಗಾರ,” ಎಂದೆ. “ಗೆರೆಗಳೆಲ್ಲ ಹೋಗಿವೆ. ಹತ್ತು ವರ್ಷ ಚಿಕ್ಕೋರಾಗಿದೀರಿ, ಅರ್ಧ ಮಾತ್ರ.”

ಅತ್ತಿಗೆ ನಕ್ಕರು. ಬಲಗಡೆ ನಕ್ಕಿತು, ಎಡಗಡೆ ಸುಮ್ಮನೆ ನಿಂತುಕೊಂಡಿತು.

ಅವರು ಕೈಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಮತ್ತೆ ನಕ್ಕು ನೋಡಿದರು, ತುಟಿ ಬಲಕ್ಕೆ ಜಗ್ಗಿತು. ಎಡಗಣ್ಣಿನಿಂದ ನೀರು ಸೋರುತ್ತಿತ್ತು. ಆಗಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಆದರೆ ಲೇಪ ಹಚ್ಚಿದ್ದು ಎಡಕ್ಕೆ, ಕೆಟ್ಟದ್ದೂ ಎಡವೇ, ಗೆರೆ ಎಳೆದಂತೆ ಮೂಗಿನ ನಡುವಿನ ತನಕ. ಇಬ್ಬರು ಪಾರ್ಲರಿನವರು ಇನ್ನೇನು ಯೋಚಿಸುತ್ತಾರೆ? ಮಣ್ಣು ಚರ್ಮವನ್ನು ಕಚ್ಚಿ ಹಿಡಿದಿದೆ ಎಂದುಕೊಂಡೆವು. ಬಿಸಿನೀರಿನ ಬಟ್ಟೆ ಹಾಕಿದೆ. ಮೊಸರು ಹಚ್ಚಿದೆ. ಬಾದಾಮಿ ಎಣ್ಣೆ ತಿಕ್ಕಿದೆ. ಕೊನೆಗೆ ಮಂಜುಗಡ್ಡೆ ಒತ್ತಿದೆ. ನಡುನಡುವೆ ಆ ಕುಂಬಾರನನ್ನೂ, ಅವನ ಮಣ್ಣನ್ನೂ, ಅದನ್ನು ನಂಬಿದ ಅತ್ತಿಗೆಯನ್ನೂ ಬಾಯಿಗೆ ಬಂದಂತೆ ಬೈದೆ. ಹೆದರಿಕೆಯಾದಾಗ ನನ್ನ ಬಾಯಿಂದ ಬೈಗುಳವೇ ಬರುವುದು.

ಮಧ್ಯಾಹ್ನ ಅಣ್ಣ ಬಸ್ಸು ಡಿಪೋಗೆ ಬಿಟ್ಟು ಊಟಕ್ಕೆ ಬಂದ. ಹೆಂಡತಿ ಕುಡಿದ ನೀರು ಬಾಯಿಯ ಅಂಚಿನಿಂದ ಕುತ್ತಿಗೆಗೆ ಇಳಿಯುವುದನ್ನು ನೋಡಿದ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. “ನಡಿ ಡಾಕ್ಟರ್ ಹತ್ರ,” ಎಂದ.

ಡಾಕ್ಟರಮ್ಮ ಅತ್ತಿಗೆಗೆ ಕೈಕಾಲು ಎತ್ತಿಸಿದರು, ಮಾತಾಡಿಸಿದರು, ಹುಬ್ಬು ಮೇಲೆತ್ತಲು ಹೇಳಿದರು. ಬಲ ಹುಬ್ಬು ಎದ್ದಿತು. ಎಡದ್ದು ಏಳಲಿಲ್ಲ. ಕಣ್ಣು ಮುಚ್ಚಿ ಎಂದರು. ಬಲಗಣ್ಣು ಮುಚ್ಚಿತು. ಎಡ ರೆಪ್ಪೆ ಅರ್ಧಕ್ಕೆ ನಿಂತು, ಕೆಳಗೆ ಬಿಳಿ ಗುಡ್ಡೆ ಕಾಣುತ್ತಲೇ ಇತ್ತು.

“ಮೆದುಳಿನ ತೊಂದರೆ ಥರ ಕಾಣ್ತಿಲ್ಲ,” ಎಂದರು. “ಮುಖಕ್ಕೆ ಬರೋ ನರ ಕಿವಿ ಹಿಂದೆ ಊದ್ಕೊಂಡಿದೆ. ಯಾರಿಗೆ ಬೇಕಾದ್ರೂ ಬರುತ್ತೆ. ನಿಮ್ಮ ಮಣ್ಣಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಬೆಳಿಗ್ಗೆ ಗೊತ್ತಾಯ್ತು ಅಂತೀರಿ, ಇಷ್ಟೊತ್ತು ಏನ್ ಮಾಡ್ತಿದ್ರಿ?”

“ಮುಖ ತೊಳೀತಿದ್ವಿ,” ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿ ಚೀಟಿ ಬರೆಯತೊಡಗಿದರು. ಹೆಚ್ಚಿನವರಿಗೆ ಮುಖ ವಾಪಸ್ಸು ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ, ಯಾರಿಗೆ ಹೇಗೆ ಎಂದು ಇವತ್ತೇ ಹೇಳಲಾಗದು ಎಂದರು. ಮಾತ್ರೆ ಇವತ್ತಿನಿಂದಲೇ ಶುರುವಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿನ ಬಗ್ಗೆ ಎಚ್ಚರ. ಮುಚ್ಚದ ಕಣ್ಣು ಒಣಗುತ್ತದೆ, ಒಣಗಿದರೆ ದೃಷ್ಟಿಗೇ ಕುತ್ತು. ದಿನವಿಡೀ ಹನಿ ಹಾಕಬೇಕು, ಮಲಗುವಾಗ ರೆಪ್ಪೆಯನ್ನು ಮೆಲ್ಲಗೆ ಇಳಿಸಿ ಟೇಪು ಅಂಟಿಸಬೇಕು.

“ನಾನು ಮಸಾಜ್ ಮಾಡ್ಬಹುದಾ?” ಎಂದು ಕೇಳಿದೆ.

“ಮೆಲ್ಲಗೆ ಮಾಡಿ, ಅವರಿಗೆ ಹಿತ ಅನ್ಸುತ್ತೆ. ಅದರಿಂದಲೇ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಕಣ್ಣು ಮರೀಬೇಡಿ.”

ಹೀಗೆ ನಮ್ಮ ಮನೆಯಲ್ಲಿ ಎಲ್ಲರ ಜೀವ ಒಂದು ರೆಪ್ಪೆಯ ಮೇಲೆ ನಿಂತಿತು.

ಒಂದೆರಡು ದಿನ ಕಳೆದ ಮೇಲೆ ಅತ್ತಿಗೆ ಹಟ ಮಾಡಿ ಕೆಲಸಕ್ಕೆ ಕೂತರು. ಹುಬ್ಬು ತಿದ್ದುವಾಗ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಹಲ್ಲು ಹಿಡಿಯಿತು, ತುಟಿ ಕೂಡಲಿಲ್ಲ. ದಾರದ ಗುಂಟ ಜೊಲ್ಲು ಇಳಿದು ಗಿರಾಕಿಯ ಹಣೆಯ ಮೇಲೆ ಬಿತ್ತು. ಆ ಹೆಂಗಸು ಒಳ್ಳೆಯವಳು, ಏನೂ ಆಗದವಳಂತೆ ಒರೆಸಿಕೊಂಡಳು. ಅತ್ತಿಗೆ ದಾರ ಸುತ್ತಿಟ್ಟು ಪರದೆಯ ಆಚೆ ಹೋದವರು ಮತ್ತೆ ಮುಂದಿನ ಕೋಣೆಗೆ ಬರಲಿಲ್ಲ.

“ಮುಖ ಬಂದ್ರೆ ನಾನೂ ಬರ್ತೀನಿ,” ಎಂದರು ನನ್ನ ಹತ್ತಿರ. “ಬರದಿದ್ರೆ ಇಲ್ಲೇ ಲೇಪ ಅರ್ಕೊಂಡಿರ್ತೀನಿ. ಚೆಂದ ಮಾಡೋ ಅಂಗಡೀಲಿ ಈ ಮುಖ ಇಟ್ಕೊಂಡು ಕೂತ್ರೆ ಯಾರ್ ಬರ್ತಾರೆ ಹೇಳು.”

“ಬರದೇ ಇದ್ದೋರು ಹಾಳಾಗಿ ಹೋಗ್ಲಿ,” ಎಂದೆ.

“ನೀನು ಹಿಂಗೆ ಮಾತಾಡಿದ್ರೆ ಇರೋರೂ ಹೋಗ್ತಾರೆ.”

ಗಿರಾಕಿಗಳು ಕೇಳದೆ ಇರುತ್ತಾರೆಯೇ? ಯಾವ ಶಾಪ, ಯಾರ ಕಣ್ಣು, ತಣ್ಣೀರಲ್ಲಿ ತಲೆಸ್ನಾನ ಮಾಡಿದ್ದರಾ ಎಂದು ನನ್ನ ತಲೆ ತಿಂದರು. ಒಬ್ಬಳಂತೂ ಕನ್ನಡಿಗೆ ಹೇಳುವಂತೆ, ನಾನಾಗಿದ್ದರೆ ಹೊರಗೇ ಬರುತ್ತಿರಲಿಲ್ಲ ಎಂದಳು. ಅವಳ ಕೂದಲಿಗೆ ಅರ್ಧ ಬಣ್ಣ ಹಚ್ಚಿದ್ದೆ. ಇನ್ನರ್ಧ ಹಚ್ಚದೆ ಕಳಿಸುವ ಆಸೆ ಬಲವಾಗಿ ಬಂತು. ಪರದೆಯ ಆಚೆಯಿಂದ ಅತ್ತಿಗೆ ಕೆಮ್ಮಿದರು. ಹಚ್ಚಿ ಕಳಿಸಿದೆ.

ಪ್ರತಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಗಿಲು ಓರೆ ಮಾಡಿ ಅತ್ತಿಗೆಯನ್ನು ಒರಗು ಕುರ್ಚಿಯಲ್ಲಿ ಮಲಗಿಸುತ್ತಿದ್ದೆ. ಕಣ್ಣಿಗೆ ಹನಿ, ಆಮೇಲೆ ಟೇಪು, ಆಮೇಲೆ ಎರಡು ಬೆರಳಿಗೆ ಎಣ್ಣೆ. ಇಷ್ಟು ವರ್ಷ ಎಷ್ಟು ಮುಖ ಈ ಕೈಗಳ ಕೆಳಗೆ ಹಾದುಹೋಗಿರಬಹುದು. ನನಗೆ ಮುಖ ಎಂದರೆ ಸುಣ್ಣ ಬಳಿಯುವವನಿಗೆ ಗೋಡೆ ಇದ್ದಂತೆ. ಇಲ್ಲಿ ಕಲೆ, ಅಲ್ಲಿ ಮೊಡವೆ, ಇಲ್ಲಿ ಬಿರುಕು. ಒಳಗೆ ಯಾರೋ ಇದ್ದಾರೆ ಎಂದು ನನ್ನ ಬೆರಳು ಎಂದೂ ಯೋಚಿಸಿರಲಿಲ್ಲ. ಈಗ ಬಲಗೆನ್ನೆಯ ಮೇಲೆ ಕೈಯಿಟ್ಟರೆ, ಅತ್ತಿಗೆ ಸುಮ್ಮನೆ ಮಲಗಿದ್ದಾಗಲೂ ಒಳಗೆ ಒಂದು ಸಣ್ಣ ಓಡಾಟ. ಎಡಗೆನ್ನೆ ಬೆಚ್ಚಗಿತ್ತು, ಮೆತ್ತಗಿತ್ತು, ಆದರೆ ಮನೆಯವರೆಲ್ಲ ಬೀಗ ಹಾಕಿಕೊಂಡು ಎಲ್ಲೋ ಹೋದ ಹಾಗೆ ಸದ್ದಿಲ್ಲ. ಆ ಸದ್ದಿಲ್ಲದ ಕಡೆ ಕೈಯಿಟ್ಟ ಮೇಲೆಯೇ ಇನ್ನೊಂದು ಕಡೆ ಏನೇನು ನಡೆಯುತ್ತಿದೆ ಎಂದು ನನಗೆ ಗೊತ್ತಾದದ್ದು.

ಅಲ್ಲಿಂದ ನನಗೊಂದು ಹುಚ್ಚು ಹಿಡಿಯಿತು. ಎಲ್ಲಿ ಹೋದರೂ ಜನರ ಮುಖ ನೋಡುತ್ತ ನಿಂತುಬಿಡುತ್ತಿದ್ದೆ. ತರಕಾರಿ ಅಂಗಡಿಯಲ್ಲಿ ಒಬ್ಬ ಅಜ್ಜಿ ಬಾಡಿದ ಸೊಪ್ಪನ್ನು ನೋಡಿ ಮಾತಿಲ್ಲದೆ, ಮೂಗಿನ ಒಂದು ಅಂಚನ್ನು ಮಾತ್ರ ಸರಿಸಿ ಬೇಡ ಎಂದಳು, ಅಂಗಡಿಯವನು ತಕ್ಷಣ ಬೇರೆ ಕಟ್ಟು ತೆಗೆದ. ಒಂದು ಮಗು ಎರಡೂ ಕೆನ್ನೆ ಉಬ್ಬಿಸಿ ತನ್ನಷ್ಟಕ್ಕೆ ಪುಸ್ಸೆಂದು ಗಾಳಿ ಬಿಟ್ಟಿತು. ಬಸ್‌ಸ್ಟಾಪಿನಲ್ಲಿ ಒಬ್ಬ ಟೀಗೆ ಉಫ್ ಎಂದು ಊದಿದ. ಊದಲು ತುಟಿ ಎಲ್ಲ ಕಡೆಯಿಂದ ಒಟ್ಟಾಗಿ ಬರಬೇಕು, ಕೆನ್ನೆ ಬಿಗಿಯಬೇಕು, ಒಂದೂ ತಪ್ಪಬಾರದು. ಅವನು ಅದನ್ನೆಲ್ಲ ಮಾಡುತ್ತ ಬೇರೇನೋ ಯೋಚಿಸುತ್ತಿದ್ದ. ರಸ್ತೆಯ ತುಂಬ ಜನ ಇಂಥ ದೊಡ್ಡ ಕೆಲಸ ಮಾಡುತ್ತ ಓಡಾಡುತ್ತಿದ್ದಾರೆ, ಒಬ್ಬರಿಗೂ ಅದರ ಪರಿವೆ ಇಲ್ಲ.

“ಏನಮ್ಮಾ, ನನ್ನ ಮುಖದಲ್ಲಿ ಏನಾದ್ರೂ ಇದೆಯಾ?” ಎಂದ ಆತ.

“ಇದೆ, ಎಲ್ಲಾ ಇದೆ,” ಎಂದೆ. ಅವನು ಟೀ ಹಿಡಿದುಕೊಂಡು ಆಚೆ ಸರಿದು ನಿಂತ.

ವಾರಗಳು ಹೋದವು. ಮಾತ್ರೆ ಮುಗಿದವು. ಒಂದು ಮಧ್ಯಾಹ್ನ ತುಟಿಯ ಅಂಚಿನ ಹತ್ತಿರ ನನ್ನ ಬೆರಳಿನ ಕೆಳಗೆ ಏನೋ ಮಿಡುಕಿತು. ಒಂದೇ ಸಲ. ಬೆರಳು ತೆಗೆಯದೆ ಕಾದೆ, ಮತ್ತೆ ಬರಲಿಲ್ಲ. ಅತ್ತಿಗೆಗೆ ಹೇಳಿದೆ. “ನಿನ್ನ ಬೆರಳಿನ ನಾಡಿನೇ ಇರ್ಬೇಕು,” ಎಂದು ಎದ್ದು ಹೋದರು. ನಂಬಿ ಆಮೇಲೆ ಇಲ್ಲವೆಂದಾದರೆ ತಡೆದುಕೊಳ್ಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನೂ ಬಿಟ್ಟಿದ್ದರು, ತಲೆ ಬಾಚುವಾಗ ಗೋಡೆಯ ಕಡೆ ತಿರುಗಿ ಬಾಚುತ್ತಿದ್ದರು. ನನಗೂ ಅನುಮಾನ ಬಂತು. ಆಸೆಪಟ್ಟ ಬೆರಳಿಗೆ ಏನು ಬೇಕಾದರೂ ಸಿಗುತ್ತದೆ.

ಆಮೇಲೆ ಒಂದು ದಿನ ಒಬ್ಬ ಗಿರಾಕಿಯ ಕೆಲಸ ಎಳೆದುಕೊಂಡು ಹೋಯಿತು. ಅವಳನ್ನು ಕಳಿಸಿ, ಕೈ ತೊಳೆದು, ಹನಿ ಬಾಟಲಿ ಮತ್ತು ಟೇಪು ಹಿಡಿದು ತಿರುಗಿದರೆ ಅತ್ತಿಗೆ ಕುರ್ಚಿಯಲ್ಲಿ ಕಾದು ಕಾದು ನಿದ್ದೆ ಹೋಗಿದ್ದಾರೆ. ಟೇಪು ಇಲ್ಲದೆ ಮಲಗಿದ್ದಾರಲ್ಲ, ಕಣ್ಣು ಒಣಗಿತಲ್ಲ ಎಂದು ಬೈಯುತ್ತಲೇ ಬಗ್ಗಿದೆ.

ಬೈಗುಳ ಬಾಯಲ್ಲೇ ನಿಂತಿತು.

ಎಡಗಣ್ಣು ಮುಚ್ಚಿತ್ತು. ದಿನವೂ ಕಾಣುತ್ತಿದ್ದ ಆ ಬಿಳಿ ಅಂಚು ಇಲ್ಲ. ನೆರಳಿರಬಹುದೆಂದು ಆಚೆ ಸರಿದು ನೋಡಿದೆ, ಈಚೆ ಬಂದು ನೋಡಿದೆ. ಮೇಲಿನ ರೆಪ್ಪೆ ಕೆಳಗಿನ ರೆಪ್ಪೆಯನ್ನು ಮುಟ್ಟಿ ಕೂತಿತ್ತು. ಯಾರೂ ಇಳಿಸಿದ್ದಲ್ಲ, ಯಾರೂ ಅಂಟಿಸಿದ್ದಲ್ಲ. ರೆಪ್ಪೆಗೂದಲು ಕೆನ್ನೆಯ ಮೇಲೆ ಒರಗಿದ್ದವು, ಅವರ ಉಸಿರಿನ ಜೊತೆ ಅಷ್ಟೇ ಅಷ್ಟು ಅಲುಗುತ್ತಿದ್ದವು. ಪಕ್ಕದಲ್ಲಿ ಟೈಲರನ ಮಶಿನ್ನು ಎಂದಿನಂತೆ ಓಡುತ್ತಿತ್ತು. ನಾನು ಹನಿ ಬಾಟಲಿ ಹಿಡಿದುಕೊಂಡು ನಿಂತೇ ಇದ್ದೆ. ಇಷ್ಟು ದೊಡ್ಡದನ್ನು ನಾನು ಯಾವತ್ತೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಬಾಗಿಲು ತಳ್ಳಿಕೊಂಡು ಒಬ್ಬಳು ಗಿರಾಕಿ ಬಂದಳು. ಕೈಯೆತ್ತಿ ಹೋಗು ಎಂದು ಸನ್ನೆ ಮಾಡಿದೆ. ನನ್ನ ಮುಖ ಹೇಗಿತ್ತೋ ಏನೋ, ಏನೂ ಕೇಳದೆ ಬಾಗಿಲು ಎಳೆದುಕೊಂಡು ಹೋದಳು.

ಆ ಸದ್ದಿಗೆ ಅತ್ತಿಗೆ ಎಚ್ಚೆತ್ತರು.

“ಏನೇ ಹಂಗೆ ನಿಂತಿದೀಯ? ಟೇಪ್ ಹಾಕಲ್ವಾ?”

“ಅತ್ತಿಗೆ, ಇನ್ನೊಂದ್ಸಲ ಕಣ್ಣು ಮುಚ್ಚಿ.”

ಹನಿ ಹಾಕಲಿಕ್ಕಿರಬೇಕು ಎಂದುಕೊಂಡು ಅವರು ಮುಚ್ಚಿದರು. ಬಲಗಣ್ಣು ಮುಚ್ಚಿತು. ಎಡಗಣ್ಣು ಒಂದಿಷ್ಟು ತಡವಾಗಿ, ವಯಸ್ಸಾದವರು ಮೆಟ್ಟಿಲು ಇಳಿದ ಹಾಗೆ ಇಳಿದು ಬಂದು ಮುಚ್ಚಿತು. ತೋರಿಸೋಣವೆಂದು ಕೈಕನ್ನಡಿ ಎತ್ತಿಕೊಂಡೆ, ಅಷ್ಟರಲ್ಲಿ ನನ್ನ ಪೆದ್ದುತನ ನನಗೇ ಹೊಳೆಯಿತು. ಮುಚ್ಚಿದ ಕಣ್ಣನ್ನು ಅವರಿಗೆ ತೋರಿಸುವ ಕನ್ನಡಿ ಯಾವ ಪಾರ್ಲರಿನಲ್ಲಿದೆ? ಎಡಗಣ್ಣೊಂದನ್ನೇ ಮುಚ್ಚಿ ಹಿಡಿಯುವಷ್ಟು ಬಲ ಆ ರೆಪ್ಪೆಗೆ ಇನ್ನೂ ಎಲ್ಲಿ, ಎರಡೂ ತೆರೆದು ನೋಡಿದರೆ ಮುಚ್ಚಿದ್ದು ಕಾಣುವುದಿಲ್ಲ.

ಕನ್ನಡಿ ಕೆಳಗಿಟ್ಟು ಅವರ ಎಡಗೈ ಹಿಡಿದೆ. ತೋರುಬೆರಳನ್ನು ತಂದು ಅವರದೇ ಕಣ್ಣಿನ ಮೇಲಿಟ್ಟೆ. ಬೆರಳು ರೆಪ್ಪೆಯ ಉದ್ದಕ್ಕೂ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೆಲ್ಲಗೆ ಹೋಯಿತು. ತುದಿ ಮುಟ್ಟಿ ನಿಂತಿತು. ಮತ್ತೆ ಮೊದಲಿಂದ ಹೊರಟಿತು.

“ಟೇಪು?” ಎಂದರು.

“ಹಾಕಿಲ್ಲ ಅತ್ತಿಗೆ.”

ಅವರು ಕಣ್ಣು ತೆರೆಯಲಿಲ್ಲ. ಬೆರಳು ರೆಪ್ಪೆಯ ಮೇಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದರ ಕೆಳಗಿನಿಂದ ನೀರು ಇಳಿಯಿತು, ನಾನು ಒರೆಸಲು ಬಟ್ಟೆ ತೆಗೆದುಕೊಂಡೆ.

“ಇರ್ಲಿ ಬಿಡೇ,” ಎಂದರು ಅತ್ತಿಗೆ. “ಇನ್ನೊಂಚೂರು ಹೊತ್ತು ಮುಚ್ಕೊಂಡಿರ್ತೀನಿ.”